ಎಂಬತ್ತೇಳನೆಯ ಮುಖಪುಟ

ನನ್ನ ಸೋದರಮಾವ ಮೂವತ್ತೊಂದು ವರ್ಷ ಪುಸ್ತಕ ಬೈಂಡು ಮಾಡಿದವನು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಟೈಲರ್ ಅಂಗಡಿಯ ಕೆಳಗೆ ಅವನು ಕೆಲಸಕ್ಕಿದ್ದ ಅಂಗಡಿ. ಅಲ್ಲಿದ್ದ ಕಿಟಕಿ ಒಂದೇ, ಅದೂ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿತ್ತು. ಆ ಗೋಡೆಗೆ ಬಡಿದು ವಾಪಸು ಬರುವ ಬೆಳಕಿನಲ್ಲಿ ಶಾಲೆಯ ಹಾಜರಿ ಪುಸ್ತಕ, ವಕೀಲರ ಕಾನೂನು ಪುಸ್ತಕ, ಆಸ್ಪತ್ರೆಯ ರಿಜಿಸ್ಟರು ಎಲ್ಲವನ್ನೂ ಹೊಲಿದ. ಯಾವುದನ್ನೂ ಓದಲಿಲ್ಲ. "ಓದ್ತಾ ಕೂತ್ರೆ ಹೊಲಿಯೋದು ಯಾವಾಗ?" ಎನ್ನುತ್ತಿದ್ದ. ಮನೆಗೆ ಬಂದಾಗ ಅವನ ಅಂಗಿಯಿಂದ ಹಿಟ್ಟಿನ ಅಂಟಿನ ಹುಳಿವಾಸನೆ ಬರುತ್ತಿತ್ತು. ಚಿಕ್ಕವಳಿದ್ದಾಗ ನನಗೆ ಮಾವ ಎಂದರೆ ಆ ವಾಸನೆ.

ವರ್ಷಕ್ಕೊಮ್ಮೆ ಗ್ರಂಥಾಲಯಗಳಿಂದ ಪತ್ರಿಕೆಗಳ ಕಟ್ಟು ಬರುತ್ತಿತ್ತು. ಹನ್ನೆರಡು ತಿಂಗಳ ಸಂಚಿಕೆ ಸೇರಿಸಿ ಒಂದು ಸಂಪುಟ. ಹೊಲಿಯುವ ಮೊದಲು ಪಿನ್ನು ಬಿಚ್ಚಿ, ಮುಖಪುಟ ಕಿತ್ತು ಪಕ್ಕಕ್ಕೆ ಎಸೆಯಬೇಕು. ಅದು ಅಂಗಡಿಯ ಪದ್ಧತಿ. ಮುಖಪುಟದ ಕಾಗದ ದಪ್ಪ, ಒಳಗೆ ಉಳಿದರೆ ಪುಸ್ತಕದ ಬೆನ್ನು ಉಬ್ಬುತ್ತದೆ, ಹೊಲಿಗೆ ಸರಿಯಾಗಿ ಕೂರುವುದಿಲ್ಲ. ಮಾವನ ಕೈ ಎಷ್ಟು ಚುರುಕೆಂದರೆ ಒಂದು ವರ್ಷದ ಮುಖಪುಟಗಳು ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ನೆಲದ ಮೇಲಿರುತ್ತಿದ್ದವು.

ಕೆಲಸ ಬಿಟ್ಟ ದಿನ ತನ್ನ ಸಾಮಾನು ತೆಗೆದುಕೊಳ್ಳಲು ಬೀರು ಸರಿಸಿದಾಗ, ಅದರ ಹಿಂದೆ ಗೋಡೆಗಂಟಿಕೊಂಡು ಒಂದು ಮುಖಪುಟ ನಿಂತಿತ್ತು. ಎಂದೋ ನಿಂತುಹೋದ ಒಂದು ಮಾಸಪತ್ರಿಕೆಯದು. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿರುವ ಹೆಂಗಸು. ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡಿದ್ದಾಳೆ, ಗಾಳಿಗೆ ಒದ್ದೆ ಸೀರೆ ಅವಳ ಮುಖಕ್ಕೇ ಬಡಿಯುತ್ತಿದೆ, ಕಣ್ಣು ಕಿರಿದಾಗಿದೆ. ಬಣ್ಣ ಇನ್ನೂ ಹಸಿಯಿದ್ದಂತೆ ಕಾಣುತ್ತಿತ್ತು. ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಬಂದ.

"ಇದನ್ನ ಕಿತ್ತಿದ್ದು ನಾನೇ" ಎಂದು ಅಂದು ಸಂಜೆ ನಮ್ಮ ಮನೆಗೆ ಬಂದು ಹೇಳಿದ. "ಪುಟ್ಟಿ, ನೋಡು ಇಲ್ಲಿ. ನೋಡೇ ಇರ್ಲಿಲ್ಲವಲ್ಲೇ ನಾನು!"

ಆ ಪತ್ರಿಕೆ ಹನ್ನೆರಡು ವರ್ಷ ನಡೆದಿತ್ತು. ತಿಂಗಳಿಗೊಂದರಂತೆ ನೂರ ನಲವತ್ತನಾಲ್ಕು ಸಂಚಿಕೆ. ಎಲ್ಲ ಮುಖಪುಟಗಳನ್ನೂ ಬರೆದವನು ಒಬ್ಬನೇ ಕಲಾವಿದ ಎಂಬುದು ಗೆರೆ ನೋಡಿದರೇ ತಿಳಿಯುತ್ತಿತ್ತು, ಆದರೆ ಅವನ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ. ಮಾವ ಅವಷ್ಟನ್ನೂ ಒಟ್ಟು ಮಾಡಲು ಹೊರಟ.

ಒಂಬತ್ತು ವರ್ಷ ಹಿಡಿಯಿತು. ಆ ಒಂಬತ್ತು ವರ್ಷವೂ ಮಾವನ ಮುಖ ಗಂಟು ಹಾಕಿಕೊಂಡೇ ಇತ್ತು. ಹಳೇ ಪೇಪರ್ ಅಂಗಡಿಯವರು "ಅದೇ ಪತ್ರಿಕೆ ಸಾರ್, ನಿಮಗಂತಲೇ ಎತ್ತಿಟ್ಟಿದೀನಿ" ಎಂದು ಫೋನು ಮಾಡುತ್ತಿದ್ದರು. ಎರಡು ಬಸ್ಸು ಬದಲಾಯಿಸಿ ಹೋದರೆ ಬೇರೆ ಯಾವುದೋ ಪತ್ರಿಕೆ. ಕೆಲವು ಸಂಚಿಕೆಗಳಲ್ಲಿ ಮಕ್ಕಳು ಪೆನ್ನಿನಿಂದ ಎಲ್ಲರಿಗೂ ಮೀಸೆ ಬರೆದಿದ್ದರು, ಎಮ್ಮೆಗೂ. ಒಬ್ಬ ಕ್ಷೌರಿಕ ತನ್ನ ಅಂಗಡಿಯ ಗೋಡೆಗೆ ಮೂರು ಮುಖಪುಟ ಅಂಟಿಸಿಕೊಂಡಿದ್ದ. ಮಾವ ಬಿಸಿನೀರು, ಬಟ್ಟೆ, ತೆಳುವಾದ ಚಾಕು ಹಿಡಿದು ಮೂರು ಗಂಟೆ ಕೆರೆದ. ಕಾಗದ ಬರಲಿಲ್ಲ, ಸುಣ್ಣ ಬಂತು. "ಗೋಡೆ ಸಮೇತ ತಗೊಂಡ್ಹೋಗಿ ಯಜಮಾನ್ರೇ, ನನಗೂ ಗಾಳಿ ಬರುತ್ತೆ" ಎಂದನಂತೆ ಆ ಕ್ಷೌರಿಕ.

ಎಲ್ಲಕ್ಕಿಂತ ಕೆಟ್ಟ ದಿನ ಯಾವುದೆಂದರೆ, ಒಂದು ಗ್ರಂಥಾಲಯ ತನ್ನ ಹಳೆಯ ಸಂಪುಟಗಳನ್ನು ರದ್ದಿಗೆ ಹಾಕಿದ ದಿನ. ಮಾವ ಓಡಿದ, ಹಿಂದೆ ನಾನೂ. ಅದೇ ಪತ್ರಿಕೆಯ ಮೂರು ವರ್ಷದ ಸಂಪುಟಗಳು ಒಂದರ ಮೇಲೊಂದು ಕೂತಿದ್ದವು. ತೆರೆದರೆ ಒಂದರಲ್ಲೂ ಮುಖಪುಟವಿಲ್ಲ. ಬೆನ್ನಿನ ಹೊಲಿಗೆ ಮಾತ್ರ ಅಷ್ಟು ವರ್ಷ ಕಳೆದರೂ ಒಂದು ದಾರವೂ ಸಡಿಲವಾಗಿರಲಿಲ್ಲ.

"ನಿಂದೇ ಹೊಲಿಗೆನಾ ಮಾವ?" ಎಂದು ಕೇಳಿದೆ.

"ಬೇರೆ ಯಾವನು ಇಷ್ಟು ಬಿಗಿಯಾಗಿ ಹೊಲೀತಾನೆ?" ಎಂದ. ಹೆಮ್ಮೆಯೋ ಸಿಟ್ಟೋ ನನಗೆ ತಿಳಿಯಲಿಲ್ಲ. ಸಂಪುಟವನ್ನು ಪಟ್ಟೆಂದು ಮುಚ್ಚಿದ.

ಅತ್ತೆಗೆ ಇದೆಲ್ಲ ಸಾಕುಸಾಕಾಗಿತ್ತು. ಪತ್ರಿಕೆಗಳು ಮೊದಲು ಮಂಚದ ಕೆಳಗಿನ ಟ್ರಂಕಿನಲ್ಲಿದ್ದವು, ಆಮೇಲೆ ಎರಡು ಟ್ರಂಕಾದವು, ಆಮೇಲೆ ಮಂಚದ ಅರ್ಧಕ್ಕೆ ಏರಿದವು.

"ರೀ, ಇನ್ನೊಂದು ವರ್ಷ ಬಿಟ್ರೆ ನಾನು ಟ್ರಂಕಲ್ಲಿ ಮಲ್ಕೋಬೇಕು, ನಿಮ್ಮ ಬಟ್ಟೆ ಒಣಹಾಕೋಳು ಮಂಚದ ಮೇಲೆ."

"ಅವಳೇನು ನಿನ್ನ ಥರ ಗೊರಕೆ ಹೊಡಿಯಲ್ಲ ಬಿಡು."

"ಹೊಡೀತಿದ್ರೆ ನಿಮಗೆ ಕೇಳ್ಸುತ್ತಾ? ಮೂವತ್ತು ವರ್ಷ ಎದುರಿಗೆ ಇದ್ದದ್ದೇ ಕಾಣಿಸ್ಲಿಲ್ಲ ನಿಮಗೆ."

ಮಾವ ಟ್ರಂಕಿನ ಮುಚ್ಚಳ ಹಾಕಿ ಎದ್ದು ಹೋಗುತ್ತಿದ್ದ.

ಒಂಬತ್ತನೆಯ ವರ್ಷದ ಕೊನೆಗೆ ನೂರ ನಲವತ್ತಮೂರು ಸೇರಿದವು. ಇಲ್ಲದ್ದು ಒಂದೇ, ಎಂಬತ್ತೇಳನೆಯ ಸಂಚಿಕೆ. ಎಂಟನೆಯ ವರ್ಷದ ಮೂರನೆಯ ತಿಂಗಳದ್ದು. ಅದರ ಮುಖಪುಟ ಹೇಗಿತ್ತೆಂದು ಹೇಳಬಲ್ಲವರೂ ಸಿಕ್ಕಲಿಲ್ಲ. ಮಾವನ ಕೈಯಿಂದಲೇ ಅದರ ಹತ್ತಿಪ್ಪತ್ತು ಪ್ರತಿಗಳು ಹರಿದು ಹೋಗಿರಬೇಕು. ಆದರೂ ಅವನಿಗೇ ನೆನಪಿಲ್ಲ. ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ಕೂರುತ್ತಿದ್ದ, ಆಮೇಲೆ ತಲೆ ಕೊಡವಿ ಎದ್ದುಬಿಡುತ್ತಿದ್ದ.

ಅದು ಒಬ್ಬರ ಬಳಿ ಇದೆಯೆಂದು ಗೊತ್ತಾದದ್ದು ಹಳೇ ಪೇಪರ್ ಅಂಗಡಿಯವನಿಂದಲೇ. ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು ಒಬ್ಬರು, ನದಿಯ ಆಚೆ ದಡದ ಬಡಾವಣೆಯಲ್ಲಿ ಇದ್ದಾರೆ. ಅವರ ಬಳಿ ಆ ಪತ್ರಿಕೆಯ ಪೂರ್ತಿ ಸಂಗ್ರಹವಿತ್ತು. ವಯಸ್ಸಾಯಿತೆಂದು ಈಗ ಒಂದೊಂದೇ ಸಂಚಿಕೆಯನ್ನು ಹಂಚುತ್ತಿದ್ದಾರೆ. ಮಾರುವುದಿಲ್ಲ. ಅವರದೊಂದು ಕಟ್ಟುನಿಟ್ಟು: ಯಾರಿಗೆ ಒಂದೇ ಒಂದು ಸಂಚಿಕೆ ಕಡಿಮೆಯಿದೆಯೋ ಅವರಿಗೆ ಮಾತ್ರ ಆ ಒಂದನ್ನು ಕೊಡುತ್ತಾರೆ. ಎರಡು ಕಡಿಮೆ ಇದ್ದವರಿಗೆ ಕೊಡುವುದಿಲ್ಲ. ಕೊಡುವ ಮೊದಲು ತಾವೇ ಬಂದು ಉಳಿದವನ್ನೆಲ್ಲ ನೋಡುತ್ತಾರೆ.

ಮಾವ ಹೇಳಿದಂತೆ ನಾನೇ ಕಾಗದ ಬರೆದೆ. ಉತ್ತರ ಕಾರ್ಡಿನಲ್ಲಿ ಬಂತು. ಅಕ್ಷರ ಚಿತ್ರದಂತಿತ್ತು. "ಆರು ವಾರದ ನಂತರ ಭಾನುವಾರ ಬೆಳಿಗ್ಗೆ ಬರುತ್ತೇನೆ. ಎಂಬತ್ತೇಳು ನನ್ನ ಚೀಲದಲ್ಲಿರುತ್ತದೆ. ನೋಡಿ ಕೊಡುತ್ತೇನೆ."

ಮಾವ ಆ ಕಾರ್ಡನ್ನು ಎಷ್ಟು ಸಲ ಓದಿಸಿದ! "ನೋಡಿ ಕೊಡ್ತೀನಿ ಅಂದ್ರೆ ಏನು ಪುಟ್ಟಿ? ಕೊಟ್ಟೇ ಕೊಡ್ತೀನಿ ಅಂತಾನಾ, ನೋಡೋಣ ಅಂತಾನಾ?"

"ನೋಡಿದ್ಮೇಲೆ ಕೊಡ್ತೀನಿ ಅಂತ."

"ಹಾಗಾದ್ರೆ ನೋಡೋ ಹಂಗಿರ್ಬೇಕು" ಎಂದು ಎದ್ದ.

ಅವನ ಪತ್ರಿಕೆಗಳು ಹೇಗಿದ್ದವೋ ಹಾಗೇ ಇದ್ದವು. ಮೂಲೆ ಮಡಚಿದವು, ಪಿನ್ನಿಗೆ ತುಕ್ಕು ಹಿಡಿದವು, ಅಂಚು ನಾರುನಾರಾದವು. ಮೇಲಾಗಿ ಅಳತೆ ಒಂದೇ ಇರಲಿಲ್ಲ. ಮುದ್ರಣಾಲಯ ಕಾಗದ ಸಿಕ್ಕಂತೆ ಅಚ್ಚು ಹಾಕಿದ್ದರಿಂದ ಒಂದು ವರ್ಷದ್ದು ಒಂದು ಬೆರಳು ಉದ್ದ, ಇನ್ನೊಂದು ವರ್ಷದ್ದು ಗಿಡ್ಡ. ಒಳ್ಳೆಯ ಬೈಂಡರನ ಮನೆಗೆ ಬಂದವರಿಗೆ ಈ ಚಿಂದಿ ತೋರಿಸುವುದೇ? ಮಾವ ದಾರ ಕೊಂಡ, ರಟ್ಟು ಕೊಂಡ, ರಟ್ಟಿನ ಮೇಲೆ ಅಂಟಿಸಲು ಕಡುನೀಲಿ ಕ್ಯಾಲಿಕೋ ಬಟ್ಟೆ ಕೊಂಡ. ಅಡುಗೆಮನೆಯಲ್ಲಿ ಮತ್ತೆ ಹಿಟ್ಟಿನ ಅಂಟು ಕುದಿಯಿತು. ಐದು ವಾರ ಅವನು ಕತ್ತು ಎತ್ತಲಿಲ್ಲ. ಮುಖಪುಟ ಈ ಸಲ ಒಂದೂ ಹೊರಗುಳಿಯಲಿಲ್ಲ. ಒಂದೊಂದರ ಬೆನ್ನಿಗೂ ತೆಳುಬಟ್ಟೆಯ ಪಟ್ಟಿ ಕೊಟ್ಟು, ಪೂರ್ತಿ ತೆರೆದುಕೊಳ್ಳುವಂತೆ ಹೊಲಿದ. ಹೊಲಿದ ಮೇಲೆ ಎಲ್ಲವನ್ನೂ ತನ್ನ ಹಳೆಯ ಅಂಗಡಿಗೆ ಹೊತ್ತುಕೊಂಡು ಹೋಗಿ, ಅಲ್ಲಿನ ಕಟಿಂಗ್ ಮೆಷಿನ್ನಿಗೆ ಕೊಟ್ಟು ಮೂರು ಕಡೆ ಅಂಚು ಸವರಿಸಿಕೊಂಡು ಬಂದ. ಎಲ್ಲಕ್ಕಿಂತ ಗಿಡ್ಡನೆಯದು ಯಾವುದೋ ಅದರ ಅಳತೆಗೆ ಹನ್ನೆರಡೂ ಸಂಪುಟ. ಸಾಲಾಗಿ ಇಟ್ಟರೆ ಮೇಲೆ ಅಂಗೈ ಆಡಿಸಿದರೂ ಎಲ್ಲೂ ತಡೆಯುತ್ತಿರಲಿಲ್ಲ.

ಅತ್ತೆ ಕೂಡ ಬಂದು ನೋಡಿದಳು. "ಈಗ ಒಂದು ಲಕ್ಷಣ ಬಂತು. ಕೇಕಿನ ತುಂಡು ಕೊಯ್ದಿಟ್ಟಂಗಿದೆ" ಎಂದಳು. ಅತ್ತೆಯ ಬಾಯಲ್ಲಿ ಅದು ದೊಡ್ಡ ಮೆಚ್ಚುಗೆ.

ಮೇಷ್ಟ್ರು ಹೇಳಿದ ಸಮಯಕ್ಕೆ ಬಂದರು. ಎತ್ತರದ, ಒಣಗಿದ ಮೈಯ ಮನುಷ್ಯ. ಬಿಳಿ ಅಂಗಿಯ ಜೇಬಿನಲ್ಲಿ ಪೆನ್ಸಿಲ್ಲು, ಹೆಗಲಿಗೆ ಬಟ್ಟೆಯ ಚೀಲ. ಕುರ್ಚಿ ಕೊಟ್ಟರೆ ಕೂರಲಿಲ್ಲ, ನೀರು ಕೊಟ್ಟರೆ ಕುಡಿಯಲಿಲ್ಲ. "ಮೊದಲು ನೋಡ್ಬಿಡೋಣ" ಎಂದರು. ಮಾವ ಮೊದಲ ಸಂಪುಟವನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟ. ಮೇಷ್ಟ್ರು ಭೂತಗನ್ನಡಿ ತೆಗೆದು ಮೊದಲ ಮುಖಪುಟದ ಮೇಲೆ ಬಾಗಿದರು. ನಡುವೆ ನೋಡಲಿಲ್ಲ, ಕೆಳಗಿನ ಅಂಚಿನುದ್ದಕ್ಕೂ ಗಾಜನ್ನು ಸರಿಸಿದರು. ಆಮೇಲೆ ಪಕ್ಕದ ಅಂಚು. ಎರಡನೆಯದು. ಮೂರನೆಯದು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಅವರ ಕೈ ನಿಧಾನವಾಯಿತು.

ಮಾವನಿಗೆ ತಡೆಯಲಾಗಲಿಲ್ಲ. "ಎಂಟನೇ ಸಂಪುಟದಲ್ಲಿ ಜಾಗ ಬಿಟ್ಟಿದೀನಿ ಮೇಷ್ಟ್ರೇ. ನೀವು ಕೊಟ್ಟ ತಕ್ಷಣ ಅದನ್ನೂ ಇದೇ ಅಳತೆಗೆ ಸವರಿ, ಹೊಲಿದು, ಎರಡು ದಿನದಲ್ಲಿ ಕೂರಿಸ್ಬಿಡ್ತೀನಿ."

ಮೇಷ್ಟ್ರ ಎಡಗೈ ತಾನಾಗಿ ಚೀಲದ ಬಾಯಿ ಮುಚ್ಚಿತು.

"ಇರುವೆ ಎಲ್ಲಿ?" ಎಂದರು.

"ಯಾವ ಇರುವೆ?"

ಅತ್ತೆ ಒಳಗಿನಿಂದ ಬಂದಳು. "ಇರುವೆ ಗಿರುವೆ ನಮ್ಮನೇಲಿಲ್ಲ ಮೇಷ್ಟ್ರೇ, ವಾರವಾರ ಪುಡಿ ಹಾಕ್ತೀನಿ."

ಮೇಷ್ಟ್ರು ಆಗ ಕುರ್ಚಿಯಲ್ಲಿ ಕೂತರು. ಹೇಳಿದರು. ಆ ಕಲಾವಿದ ತಿಂಗಳ ಸಂಬಳದವನು. ಚಿತ್ರದ ಮೇಲೆ ಹೆಸರು ಹಾಕಕೂಡದೆಂದು ಪತ್ರಿಕೆಯ ಮಾಲೀಕರ ಅಪ್ಪಣೆ. ಅವನು ಹೆಸರು ಹಾಕಲಿಲ್ಲ. ಬದಲಿಗೆ ಪ್ರತಿ ಮುಖಪುಟದಲ್ಲೂ ಅಂಚಿಗೆ ತೀರಾ ಹತ್ತಿರ ಒಂದು ಇರುವೆ ಬರೆದ. ಒಂದರಲ್ಲಿ ಅದು ಹುಲ್ಲುಕಡ್ಡಿ ಏರುತ್ತಿರುತ್ತದೆ, ಒಂದರಲ್ಲಿ ಸಕ್ಕರೆಯ ಹರಳು ಹೊತ್ತಿರುತ್ತದೆ, ಒಂದರಲ್ಲಿ ಸುಮ್ಮನೆ ನಿಂತಿರುತ್ತದೆ. ಅಚ್ಚಿನವರು ಚುಕ್ಕೆ ಎಂದುಕೊಂಡು ಬಿಟ್ಟರು. ನೂರ ನಲವತ್ತನಾಲ್ಕು ಇರುವೆ. ಅವನ ಸಹಿ ಎಂದರೆ ಅದೇ.

"ಮೊದಲನೇ ಇರುವೆ ಕಂಡಾಗ ನಂಗೆ ಹದಿನಾರು ವರ್ಷ. ಡ್ರಾಯಿಂಗ್ ಕಲೀಬೇಕು ಅನ್ನಿಸಿದ್ದೇ ಅವತ್ತು" ಎಂದರು ಮೇಷ್ಟ್ರು.

"ನಾಲ್ಕೈದರಲ್ಲಿ ಕಂಡಿತ್ತು" ಎಂದ ಮಾವ, ತಪ್ಪೊಪ್ಪಿಕೊಳ್ಳುವ ಮಗುವಿನಂತೆ. "ಅಂಟಿನ ಆಸೆಗೆ ಬಂದು ಸತ್ತು ಅಂಟ್ಕೊಂಡಿದೆ ಅಂದ್ಕೊಂಡೆ. ಹಿಟ್ಟಿನ ಅಂಟಿಗೆ ಇರುವೆ ಬಂದೇ ಬರುತ್ತೆ, ಮೇಷ್ಟ್ರೇ. ಬ್ಲೇಡಲ್ಲಿ ಕೆರೆದು ತೆಗೆದೆ."

"ಕೆರೆದ್ರಾ!"

"ಉಳಿದವು ಕಾಣಿಸ್ಲೇ ಇಲ್ಲ. ಅಂಚನ್ನ ಯಾರು ನೋಡ್ತಾರೆ? ನಮಗೆ ಅಂಚು ಅಂದ್ರೆ ಕತ್ತರಿಸೋಕೆ ಇರೋದು."

ಮೇಷ್ಟ್ರು ಸಂಪುಟಗಳನ್ನು ಒಂದೊಂದಾಗಿ ತೆರೆದು ಮುಚ್ಚಿದರು. ಗಾಜನ್ನು ಮಡಚಿ ಜೇಬಿಗಿಟ್ಟರು. "ಹೊಲಿಗೆ ಬಹಳ ಚೆನ್ನಾಗಿದೆ" ಎಂದರು. ನಿಜಕ್ಕೂ ಹಾಗೆಂದರು, ಕುಹಕವಿರಲಿಲ್ಲ. "ಆದ್ರೆ ನನ್ನ ಮಾತು ಒಂದು ಕಡಿಮೆ ಇರೋರಿಗೆ. ನಿಮಗೆ ಈಗ ನೂರ ನಲವತ್ನಾಲ್ಕೂ ಕಡಿಮೆ ಇದೆ."

ಚೀಲದೊಳಗಿದ್ದದ್ದು ಚೀಲದೊಳಗೇ ಮೆಟ್ಟಿಲಿಳಿಯಿತು. ಮಾವನಿಗೆ ಅದರ ಬೆನ್ನು ಕೂಡ ಕಾಣಲಿಲ್ಲ.

ಬಾಗಿಲು ಹಾಕಿದ ಮೇಲೆ ಅವನು ಕೂಗಾಡಿದ. ಮೇಷ್ಟ್ರನ್ನು ಬೈದ, ಪತ್ರಿಕೆಯ ಮಾಲೀಕನನ್ನು ಬೈದ, ಕಟಿಂಗ್ ಮೆಷಿನ್ನನ್ನು ಬೈದ. "ಇರುವೆಯಂತೆ! ಒಂದು ಇರುವೆಗೆ ಒಂಬತ್ತು ವರ್ಷ ನೀರಲ್ಲಿ ಹೋಮ ಆಯ್ತು!" ಅತ್ತೆ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅವಳು ಸಂಪುಟಗಳ ಮೇಲೆ ಒಂದು ಬಟ್ಟೆ ಮುಚ್ಚಿ ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಏಳು ಗಂಟೆಗೇ ಮಾವ ನಮ್ಮ ಮನೆಯ ಬಾಗಿಲಲ್ಲಿದ್ದ. "ಬಾ, ಅಂಗಡಿಗೆ ಹೋಗೋಣ. ಕತ್ತರಿಸಿದ ಚೂರು ಎಲ್ಲಾದ್ರೂ ಇರ್ಲೇಬೇಕಲ್ಲ."

ಚೂರುಗಳು ಅಂಗಡಿಯಲ್ಲಿರಲಿಲ್ಲ. ಮೆಷಿನ್ನಿನ ಕೆಳಗೆ ಬೀಳುವ ಕಾಗದದ ಎಳೆಗಳನ್ನೆಲ್ಲ ಚೀಲಕ್ಕೆ ತುಂಬಿ, ಪಿಂಗಾಣಿ ಅಂಗಡಿಯವರಿಗೆ ಕೊಡುವುದು ಅಲ್ಲಿನ ರೂಢಿ. ಕಪ್ಪು ಬಸಿ ಒಡೆಯದಂತೆ ಪೆಟ್ಟಿಗೆಯೊಳಗೆ ತುಂಬಲು. ಮಾವನಿಗೂ ಅದು ಗೊತ್ತಿತ್ತು. ಮೂವತ್ತೊಂದು ವರ್ಷ ಅವನೇ ಆ ಚೀಲ ಕಟ್ಟಿಕೊಟ್ಟಿದ್ದ.

ಪಿಂಗಾಣಿ ಅಂಗಡಿಯ ಒಡತಿ ನಮ್ಮನ್ನು ಮೇಲಿನಿಂದ ಕೆಳಗೆ ನೋಡಿದಳು. "ನಿಮಗೆ ಬೇಕಾಗಿರೋದು ಕಪ್ಪಾ, ಕಸಾನಾ?"

"ಕಸ" ಎಂದ ಮಾವ.

"ಹೋದ ವಾರದ್ದು ಅರ್ಧ ಚೀಲ ಮೂಲೇಲಿದೆ ನೋಡಿ. ಉಳಿದಿದ್ದು ಹೊಟೇಲಿನೋರ ಆರು ಡಜನ್ ಕಪ್ಪಿನ ಜೊತೆ ಹೋಯ್ತು."

"ಯಾವ ಹೊಟೇಲು?"

"ಯಾವ ಊರಿನ ಹೊಟೇಲು ಅಂತ ಕೇಳಿ ಮೊದ್ಲು" ಎಂದು ನಕ್ಕಳು. ಅಷ್ಟರಲ್ಲಿ ಮಾವನ ಮುಖ ನೋಡಿದಳೇನೋ, ನಗು ನಿಲ್ಲಿಸಿ ತಾನೇ ಚೀಲ ಎತ್ತಿ ತಂದುಕೊಟ್ಟಳು.

ಮೂರು ವಾರ ಮಾವ ಅಂಗಳದ ಬಿಸಿಲಿನಲ್ಲಿ ಕೂತು ಆ ಎಳೆಗಳನ್ನು ಬಿಡಿಸಿದ. ಒಳಪುಟದ ಎಳೆ ತೆಳ್ಳಗೆ, ಬಿಳಿ. ಮುಖಪುಟದ್ದು ದಪ್ಪ, ಬಣ್ಣದ್ದು. ಬಣ್ಣದವನ್ನು ಹೆಕ್ಕಿ ಹಳೆಯ ಸೀರೆಯ ಮೇಲೆ ಹರಡುತ್ತಿದ್ದ. ಗಾಳಿ ಬೀಸಿದರೆ ಇಬ್ಬರೂ ಅಂಗೈ ಅಡ್ಡ ಹಿಡಿಯುತ್ತಿದ್ದೆವು. ಅವನ ಕನ್ನಡಕ ಸಾಲದೆ ನಾನೊಂದು ಭೂತಗನ್ನಡಿ ತಂದುಕೊಟ್ಟೆ. ಇರುವೆ ಸಿಕ್ಕ ಎಳೆಯನ್ನು ಅದರ ಮುಖಪುಟದ ಅಂಚಿಗೆ ಹಿಡಿದು, ಹುಲ್ಲಿನ ಹಸಿರಿಗೆ ಹಸಿರು, ಮಣ್ಣಿನ ಕೆಂಪಿಗೆ ಕೆಂಪು ಕೂಡುತ್ತದೆಯೇ ಎಂದು ನೋಡಬೇಕು. ಕೂಡಿದರೆ ಹಿಂದಿನಿಂದ ತೆಳ್ಳನೆಯ ಕಾಗದ ಕೊಟ್ಟು ಅಂಟಿಸಬೇಕು. ಕೆಲವು ಇರುವೆಗಳ ಅರ್ಧವಷ್ಟೇ ಸಿಕ್ಕಿತು; ಬ್ಲೇಡು ನಡುವೆ ಹಾಯ್ದು ತಲೆ ಪುಸ್ತಕದಲ್ಲಿ, ಹೊಟ್ಟೆ ಚೀಲದಲ್ಲಿ.

"ಇವತ್ತು ಎಷ್ಟು ಸಿಕ್ತು?" ಎಂದು ಒಂದು ಸಂಜೆ ಅತ್ತೆ ಬಾಗಿಲಲ್ಲಿ ನಿಂತು ಕೇಳಿದಳು.

"ಒಂದು."

"ನನ್ನ ಸಕ್ಕರೆ ಡಬ್ಬ ತೆಗೀರಿ, ಹತ್ತು ಸಿಗುತ್ತೆ."

"ಪುಡಿ ಹಾಕ್ತೀನಿ ಅಂತಿದ್ದೆ?"

"ಮೇಷ್ಟ್ರ ಎದುರಿಗೆ ಇದೆ ಅಂತ ಹೇಳೋಕಾಗುತ್ತಾ?"

ಮಾವ ಆ ಮೂರು ವಾರದಲ್ಲಿ ನಕ್ಕದ್ದು ಆಗ ಮಾತ್ರ.

ಕೊನೆಗೆ ಇಪ್ಪತ್ತಾರು ಇರುವೆ ಸಿಕ್ಕವು. ಚೀಲ ಬರಿದಾಯಿತು. ಬ್ಲೇಡಿನಲ್ಲಿ ಕೆರೆದುಹೋದ ನಾಲ್ಕೈದು ಬಿಟ್ಟರೆ ಉಳಿದ ನೂರಕ್ಕೂ ಹೆಚ್ಚು ಇರುವೆಗಳು ಯಾವುದೋ ಊರಿನ ಹೊಟೇಲಿನ ಕಸದ ಡಬ್ಬಿಯಲ್ಲಿ ಎಂದೋ ಮುಗಿದಿದ್ದವು. ಮಾವ ಎಂಟನೆಯ ವರ್ಷದ ಸಂಪುಟ ನೋಡಿದ. ಅದರಲ್ಲಿ ಒಂಬತ್ತು ಕೂಡಿದ್ದವು. ಅದನ್ನೂ, ಅದರ ನಂತರ ಹೆಚ್ಚು ಕೂಡಿದ್ದ ನಾಲ್ಕನೆಯ ಸಂಪುಟವನ್ನೂ ಬಟ್ಟೆಯಲ್ಲಿ ಸುತ್ತಿ, "ಮೇಷ್ಟ್ರಿಗೆ ತೋರಿಸಿ ಬರೋಣ" ಎಂದ. ಕೇಳಲು ಹೋಗುತ್ತಿದ್ದೇವೆ ಎನ್ನಲಿಲ್ಲ. ದಾರಿಯುದ್ದಕ್ಕೂ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದ.

ಮೇಷ್ಟ್ರ ಕೋಣೆ ಮೂರನೆಯ ಮಹಡಿಯಲ್ಲಿ. ಗೋಡೆಯಲ್ಲಿ ಒಂದು ಚಿತ್ರವೂ ಇರಲಿಲ್ಲ, ಮೊಳೆಗಳಿದ್ದವು. ಹಂಚಿ ಮುಗಿಯುತ್ತಾ ಬಂದ ಕಪಾಟಿನಲ್ಲಿ ಐದಾರು ಪತ್ರಿಕೆಗಳು ಮಾತ್ರ ಉಳಿದಿದ್ದವು. ಅವರು ನಮ್ಮನ್ನು ನೋಡಿ ಹುಬ್ಬೇರಿಸಿದರು, ಒಳಗೆ ಕರೆದರು. ಮಾವ ಸಂಪುಟ ತೆರೆದು ಅವರ ಮುಂದಿಟ್ಟು ಹಿಂದೆ ಸರಿದು ನಿಂತ. ಮೇಷ್ಟ್ರು ಗಾಜು ಹಿಡಿದು ಬಾಗಿದರು. ಮೊದಲ ಇರುವೆಯ ಮೇಲೆ ಗಾಜು ನಿಂತಿತು. ಆಮೇಲೆ ಅಂಟಿಸಿದ ಸಂದಿನ ಮೇಲೆ ಬೆರಳಿನ ತುದಿ ಆಡಿಸಿದರು. ಸಂದು ಕೈಗೆ ಸಿಗುತ್ತಿರಲಿಲ್ಲ.

"ಕತ್ತರಿಸಿದ ಚೂರಲ್ಲಿ ಹೆಕ್ಕಿದ್ರಾ?"

"ಅರ್ಧ ಚೀಲ ಸಿಕ್ತು. ಇಪ್ಪತ್ತಾರು."

"ಇದು ಮಾತ್ರ ತಪ್ಪು" ಎಂದರು ಒಂದರ ಮೇಲೆ ಬೆರಳಿಟ್ಟು. "ಈ ಇರುವೆ ಈ ಚಿತ್ರದ್ದಲ್ಲ. ತೊಂಬತ್ತೊಂದನೇ ಸಂಚಿಕೇದು."

"ಹಸಿರು ಕೂಡ್ತಲ್ಲ ಮೇಷ್ಟ್ರೇ."

"ಹಸಿರು ಕೂಡುತ್ತೆ. ಇರುವೆಯ ನೆರಳು ಎಡಕ್ಕಿದೆ ನೋಡಿ. ಈ ಚಿತ್ರದಲ್ಲಿ ಬಿಸಿಲು ಬರ್ತಿರೋದು ಎಡಗಡೆಯಿಂದ."

ಮಾವ ಬಾಗಿ ನೋಡಿದ. ಇಬ್ಬರ ತಲೆಗಳೂ ಒಂದೇ ಗಾಜಿನ ಮೇಲಿದ್ದವು. ಮಾವ "ಹೌದಲ್ಲ" ಎಂದ. ಅವನ ದನಿಯಲ್ಲಿ ಅವಮಾನವಿರಲಿಲ್ಲ, ಬೆರಗಿತ್ತು. ಒಂಬತ್ತು ವರ್ಷ ಒಟ್ಟುಮಾಡಿದ ಚಿತ್ರಗಳಲ್ಲಿ ಬಿಸಿಲು ಯಾವ ಕಡೆಯಿಂದ ಬರುತ್ತದೆ ಎಂದು ಅವನು ಮೊದಲ ಬಾರಿ ನೋಡುತ್ತಿದ್ದ.

ಮೇಷ್ಟ್ರು ಎದ್ದರು. ಕಪಾಟಿನಿಂದ ಒಂದು ಸಂಚಿಕೆ ತೆಗೆದು, ಮಾವನ ಕೈಯಲ್ಲಿಟ್ಟರು.

ಎಂಬತ್ತೇಳು.

ಒಬ್ಬ ಹುಡುಗಿ ಏಣಿಯ ಮೇಲೆ ನಿಂತು ಅಂಗಡಿಯ ಬಾಗಿಲಿಗೆ ಅಕ್ಷರ ಬರೆಯುತ್ತಿದ್ದಾಳೆ. ಎರಡು ಅಕ್ಷರ ಮುಗಿದಿವೆ, ಮೂರನೆಯದು ಅರ್ಧಕ್ಕಿದೆ. ಬಣ್ಣದ ಡಬ್ಬಿ ಏಣಿಯ ಮೆಟ್ಟಿಲಿಗೆ ತೂಗುತ್ತಿದೆ. ಅವಳು ಹಿಂದೆ ಬಾಗಿ, ಬರೆದದ್ದು ನೆಟ್ಟಗಿದೆಯೇ ಎಂದು ನೋಡುತ್ತಿದ್ದಾಳೆ. ಇನ್ನೊಂದಿಷ್ಟು ಬಾಗಿದರೆ ಬೀಳುತ್ತಾಳೆ. ಏಣಿಯ ಕಾಲಿನ ಕೆಳಗೆ, ಕಾಗದ ಮುಗಿಯುವ ಜಾಗದಲ್ಲಿ, ಒಂದು ಇರುವೆ ಏಣಿ ಹತ್ತಲು ಮುಂಗಾಲು ಎತ್ತಿದೆ.

ಮಾವ ಕಿಟಕಿಯ ಬಳಿ ಹೋದ, ಬೆಳಕಿಗೆ ಹಿಡಿದ. ಸಂಚಿಕೆಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಟಪಟಪ ಎಂದು ಎರಡು ಸಲ ತಟ್ಟಿ ಅಂಚು ಸಮ ಮಾಡಿದ. ಆಮೇಲೆ ಮಲಗಿಸಿ, ಕಣ್ಣನ್ನು ಆ ಹುಡುಗಿಯ ಮೇಲೆಯೇ ಇಟ್ಟು, ಹೆಬ್ಬೆರಳಿನ ಉಗುರನ್ನು ಕೆಳಗಿನ ಅಂಚಿನಿಂದ ಒಂದು ನೂಲಿನಷ್ಟು ಮೇಲೆ ಒತ್ತಿ, ಈ ತುದಿಯಿಂದ ಆ ತುದಿಗೆ ಸರ್ರನೆ ಎಳೆದ.

ಬೈಂಡರುಗಳು ಕತ್ತರಿಸಬೇಕಾದ ಜಾಗವನ್ನು ಹಾಗೆಯೇ ಗುರುತು ಮಾಡುವುದು. ಪೆನ್ಸಿಲ್ಲು ಬಳಸುವುದಿಲ್ಲ.

"ಕೈ ತೆಗೀರಿ!" ಎಂದರು ಮೇಷ್ಟ್ರು. ಅಷ್ಟು ದೊಡ್ಡ ದನಿ ಆ ತೆಳ್ಳಗಿನ ಮೈಯಿಂದ ಬಂದದ್ದೆಂದು ನನಗೆ ನಂಬಲಾಗಲಿಲ್ಲ.

ಮಾವ ಬೆಚ್ಚಿಬಿದ್ದ. ತಾನು ಮಾಡಿದ್ದೇನೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಕೆಳಗೆ ನೋಡಿದ. ಇರುವೆಯ ತಲೆಯ ಮೇಲೆ, ಏಣಿಯ ಎರಡೂ ಕಾಲುಗಳನ್ನು ಹಾಯ್ದು, ಉಗುರಿನ ಗೆರೆ ನೆಟ್ಟಗೆ ಬಿದ್ದಿತ್ತು. ಅಷ್ಟು ನೆಟ್ಟಗೆ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹತ್ತಿಕೊಳ್ಳುತ್ತಿರಲಿಲ್ಲ.

"ಕೊಡೋಣ ಅಂತಲೇ ತೆಗೆದಿದ್ದೆ" ಎಂದರು ಮೇಷ್ಟ್ರು. ಅವರ ಬೆರಳು ಗೆರೆಯ ಮೇಲೆ ಮೆತ್ತಗೆ ಓಡಾಡುತ್ತಿತ್ತು, ಅಳಿಸಲು ಬರುವಂಥದ್ದೇನೋ ಎಂಬಂತೆ. "ತಗೊಂಡ್ಹೋಗ್ತೀರಾದ್ರೆ ಈಗ್ಲೂ..."

"ಬೇಡ" ಎಂದ ಮಾವ. ಸಂಚಿಕೆಯನ್ನು ಎರಡೂ ಕೈಯಿಂದ ಅವರ ಕಡೆ ತಳ್ಳಿದ. "ಕೊಡಬೇಡಿ ಮೇಷ್ಟ್ರೇ. ಇವತ್ತು ಗೆರೆ ಹಾಕಿದೆ. ನಾಳೆ ಕತ್ತರಿಸ್ತೀನಿ. ನನ್ನ ಕೈ ನನ್ನ ಮಾತು ಕೇಳಲ್ಲ."

ಮೇಷ್ಟ್ರು ಒತ್ತಾಯ ಮಾಡಲಿಲ್ಲ. ಅದೂ ಮಾವನಿಗೆ ಚುಚ್ಚಿತು. ಒಂದು ಸಲ ಒತ್ತಾಯ ಮಾಡಬಹುದಿತ್ತು ಎಂದು ಅವನ ಮುಖ ಹೇಳುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಅವನು ಮತ್ತೊಮ್ಮೆ ಒಳಗೆ ನೋಡಿದ. ಮೇಷ್ಟ್ರು ಆಗಲೇ ಸಂಚಿಕೆಯನ್ನು ಕಪಾಟಿನಲ್ಲಿಟ್ಟು ಬೀಗದ ಕೈ ತಿರುಗಿಸುತ್ತಿದ್ದರು.

ಮೂರು ಮಹಡಿ ಇಳಿದೆವು. ಒಂದು ಸಂಪುಟ ಅವನ ಕಂಕುಳಲ್ಲಿ, ಒಂದು ನನ್ನದರಲ್ಲಿ. ಬೀದಿಗೆ ಬಂದ ಮೇಲೆ ಅವನು ನಡೆದ ವೇಗಕ್ಕೆ ನಾನು ಓಡಬೇಕಾಯಿತು. ಸೇತುವೆಯ ನಡುವೆ ತಟ್ಟನೆ ನಿಂತು ನನ್ನ ಕಡೆ ತಿರುಗಿದ. ಎದುರಿನಿಂದ ಬರುತ್ತಿದ್ದವರು ನಮ್ಮನ್ನು ಬಳಸಿ ಹೋಗತೊಡಗಿದರು.

"ಅಲ್ಲ ಪುಟ್ಟಿ, ನೀನೇ ಹೇಳು" ಎಂದ. "ಅಷ್ಟು ದೊಡ್ಡ ಹಾಳೆ ಇತ್ತಲ್ಲ ಅವನ ಮುಂದೆ? ಏಣಿ ಬರೆದ, ಹುಡುಗಿ ಬರೆದ, ಡಬ್ಬಿ ಬರೆದ. ಹೆಸರು ಬರಿಬೇಡ ಅಂದ್ರೆ ಬರೀಬೇಡ, ಆಯ್ತು. ಆ ಇರುವೆನ ನಟ್ಟ ನಡುವೆ ಬರೀಬಾರದಿತ್ತಾ? ನಡುವೆ ಇದ್ದಿದ್ರೆ ಯಾವನ ಬ್ಲೇಡು ಏನು ಮಾಡ್ತಿತ್ತು? ಹೋಗಿ ಹೋಗಿ ಅಂಚಿಗೆ ಯಾಕೆ ಹೋಗ್ಬೇಕಿತ್ತು ಅವನು?"

ಸಂಪುಟವನ್ನು ಕಂಕುಳಲ್ಲಿ ಮೇಲಕ್ಕೆ ಸರಿಸಿಕೊಂಡು, ಉತ್ತರಕ್ಕೆ ಕಾಯದೆ ನಡೆದ.